ಹಿನ್ನೆಲೆ ಸದ್ದೆಂದು ದಾಖಲಾಗಬೇಕಿದ್ದ ಮಾತು

೨೦೨೦ರ ಮಾರ್ಚ್ ೧೮ರಂದು ಮಲೇಷ್ಯಾದಲ್ಲಿ ಕೋವಿಡ್ ತಡೆಗೆ ಸಂಚಾರ ನಿಯಂತ್ರಣ ಆದೇಶ ಜಾರಿಗೆ ಬಂತು. ಕೋರ್ಟುಗಳು ಮುಚ್ಚಿದವು. ನಾನಾಗ ಕೌಲಾಲಂಪುರದ ಹೈಕೋರ್ಟಿನಲ್ಲಿ ಜುಡಿಷಿಯಲ್ ಕಮಿಷನರ್ ಆಗಿದ್ದೆ. ಆ ಕುರ್ಚಿಯಲ್ಲಿ ಕೂತು ಇನ್ನೂ ಕೆಲವೇ ತಿಂಗಳಾಗಿತ್ತು.

ಇಲ್ಲಿ ಕಾನೂನು ಓದುತ್ತಿರುವ ನಮ್ಮ ಕನ್ನಡದ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ‘ಆಂಟಿ, ಜಡ್ಜ್ ಆಗೋದು ಹೇಗೆ?’ ಅದಕ್ಕೆ ಉತ್ತರ ಪುಸ್ತಕದಲ್ಲಿದೆ. ಈ ದೇಶದ ಪೌರರಾಗಿರಬೇಕು, ಹತ್ತು ವರ್ಷ ವಕೀಲಿ ಮಾಡಿರಬೇಕು. ಆಯ್ಕೆ ಆಯೋಗ ಹೆಸರು ಸೂಚಿಸಬೇಕು, ಪ್ರಧಾನಿ ಸಲಹೆ ಕೊಡಬೇಕು, ದೊರೆ ಸಹಿ ಹಾಕಬೇಕು. ಹೆಚ್ಚಿನವರನ್ನು ಮೊದಲು ಜುಡಿಷಿಯಲ್ ಕಮಿಷನರ್ ಮಾಡುತ್ತಾರೆ. ಹೈಕೋರ್ಟ್ ನ್ಯಾಯಾಧೀಶರ ಅಧಿಕಾರವೆಲ್ಲ ಅವರಿಗೂ ಇರುತ್ತದೆ, ಅವಧಿ ಮಾತ್ರ ಎರಡು ವರ್ಷ. ಅಷ್ಟರಲ್ಲಿ ಕಾಯಂ ಆದರೆ ಆಯಿತು. ಇಲ್ಲದಿದ್ದರೆ ನಿಲುವಂಗಿ ಕಳಚಿ ಮನೆಗೆ ಬರುವುದು. ಜಡ್ಜ್ ಆದ ಮೇಲೆ ದಿನ ಕಳೆಯುವುದು ಹೇಗೆ ಎಂದು ಮಾತ್ರ ಈ ಮಕ್ಕಳು ಯಾರೂ ಕೇಳಿಲ್ಲ. ಬರೆಯಲು ಕೂತದ್ದು ಅದಕ್ಕೆ.

ನಾನು ಹುಟ್ಟಿದ್ದು ಇಲ್ಲೇ. ಅಪ್ಪ ಉಡುಪಿ ಕಡೆಯವರು, ಇಲ್ಲಿ ಡಾಕ್ಟರಾಗಿದ್ದರು. ಮನೆಯಲ್ಲಿ ಇಂಗ್ಲಿಷಿನಲ್ಲಿ ಕೇಳಿದರೆ ಅಮ್ಮ ಅನ್ನ ಬಡಿಸುತ್ತಿರಲಿಲ್ಲ, ಹಾಗಾಗಿ ಕನ್ನಡ ಉಳಿಯಿತು. ಕಾನೂನು ಓದುವ ಮೊದಲು ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಕೋರ್ಟ್ ವರದಿಗಾರ್ತಿಯಾಗಿದ್ದೆ. ಅಲ್ಲಿನ ಸುದ್ದಿ ಸಂಪಾದಕರು ನನ್ನ ಮೊದಲ ವರದಿಯಲ್ಲಿ ‘ಆರೋಪಿ ಕುಗ್ಗಿಹೋಗಿದ್ದ’ ಎಂಬ ವಾಕ್ಯಕ್ಕೆ ಕೆಂಪು ಗೀರು ಎಳೆದು, ‘ಅವನು ನಿನಗೆ ಹೇಳಿದನಾ? ತಲೆ ತಗ್ಗಿಸಿದ್ದ ಅಂತ ಬರಿ. ಅದು ಎಲ್ಲರಿಗೂ ಕಂಡಿದೆ’ ಎಂದಿದ್ದರು. ವಕೀಲಳಾದ ಮೇಲೂ, ನ್ಯಾಯಪೀಠದ ಮೇಲೂ ನನಗೆ ಕೆಲಸಕ್ಕೆ ಬಂದ ಪಾಠ ಅದು.

ವಕೀಲಿ ಶುರು ಮಾಡಿದಾಗ ನ್ಯಾಯಾಧೀಶರು ಸಾಕ್ಷ್ಯವನ್ನು ಕೈಯಲ್ಲೇ ಬರೆದುಕೊಳ್ಳುತ್ತಿದ್ದರು. ನಾವು ಪ್ರಶ್ನೆ ಕೇಳಿ ಅವರ ಪೆನ್ನನ್ನೇ ನೋಡುತ್ತಿದ್ದೆವು. ಪೆನ್ನು ನಿಂತ ಮೇಲೆ ಮುಂದಿನ ಪ್ರಶ್ನೆ. ಉತ್ತರ ನಮ್ಮ ಪರವಾಗಿದ್ದು ಪೆನ್ನು ಅಲುಗಾಡದಿದ್ದರೆ ಅದನ್ನೇ ಬೇರೆ ಮಾತಿನಲ್ಲಿ ಇನ್ನೊಮ್ಮೆ ಕೇಳಬೇಕು. ಆಮೇಲೆ ಧ್ವನಿಮುದ್ರಣ ಬಂತು, ಪೆನ್ನು ನೋಡುವ ಚಾಳಿ ಹೋಯಿತು. ಆಮೇಲೆ ಝೂಮ್ ಬಂತು, ಮುಖ ನೋಡುವ ಚಾಳಿಯೂ ಹೋಗುತ್ತಾ ಬಂತು.

ಪ್ರಮಾಣವಚನ ದೇಶದ ಆಡಳಿತ ನಗರ ಪುತ್ರಜಯಾದಲ್ಲಿ. ಪ್ರಮಾಣ ಮುಗಿದ ಮೇಲೆ ಫೋಟೋಗೆ ಕುಟುಂಬದವರು ಬರಲಿ ಎಂದರು. ನನ್ನ ಜೊತೆಗೇ ಪ್ರಮಾಣ ತೆಗೆದುಕೊಂಡವರ ಹಿಂದೆ ಹೆಂಡತಿ, ಗಂಡ, ಮಕ್ಕಳು, ಒಬ್ಬರ ಅಜ್ಜಿ ಗಾಲಿಕುರ್ಚಿಯಲ್ಲಿ. ನಾನು ಮದುವೆಯಾದವಳಲ್ಲ, ಅಪ್ಪ ಅಮ್ಮ ಆಗಲೇ ತೀರಿಹೋಗಿದ್ದರು. ಶೈಲಾ ಬಂದು ಪಕ್ಕದಲ್ಲಿ ನಿಂತಳು. ಅವಳೂ ವಕೀಲೆ, ಮೈಸೂರಿನ ಮೂಲದವಳು, ಕಾಲೇಜಿನಿಂದ ನನ್ನ ಗೆಳತಿ. ವಾಪಸು ಬರುವಾಗ ಕಾರಿನಲ್ಲಿ ಕೇಳಿದಳು:

‘ಏನೇ, ಇನ್ಮೇಲೆ ನಿನ್ನ ಯಾಂಗ್ ಆರಿಫ್ ಅನ್ಬೇಕಾ?’

ಇಲ್ಲಿ ನ್ಯಾಯಾಧೀಶರನ್ನು ಹಾಗೆ ಕರೆಯುವುದು.

‘ಕೋರ್ಟಲ್ಲಿ ಅನ್ಬೇಕು.’

‘ಹೊರಗೆ?’

‘ಹೊರಗೆ ಸುಧಾನೇ. ಸಿಕ್ಕಿದ್ರೆ.’

‘ಎಲ್ಲಿ ಸಿಗೋದು? ನಮ್ಮ ಆಫೀಸಿನ ಅರ್ಧ ಕೇಸು ನಿಮ್ಮ ಮಹಡಿಗೇ ಬರೋದು. ನಾವಿಬ್ರೂ ಬ್ರಿಕ್‌ಫೀಲ್ಡ್ಸಲ್ಲಿ ತೋಸೆ ತಿಂತಾ ಹಲ್ಲು ಕಿರೀತಿದ್ರೆ ಎದುರು ಪಾರ್ಟಿಯವನು ಫೋಟೋ ತೆಗೀತಾನೆ. ನಡಿ, ಇವತ್ತು ತಿಂದ್ಬಿಡೋಣ. ನಾಳೆಯಿಂದ ನೀನ್ಯಾರೋ ನಾನ್ಯಾರೋ.’

ತಮಾಷೆಗೆ ಹೇಳಿದ್ದು. ಹಾಗೇ ನಡೆಯಿತು. ಇದು ಯಾವ ಕಾಯಿದೆಯಲ್ಲೂ ಇಲ್ಲ, ವೃತ್ತಿಯ ರೂಢಿ. ವಕೀಲರ ಮದುವೆಗೆ ಹೋಗಿ ಅಕ್ಷತೆ ಹಾಕಿ ಊಟಕ್ಕೆ ನಿಲ್ಲದೆ ಬರುವುದು. ಸುಪರಿಚಿತರ ಕೇಸು ಬಂದರೆ ಬೇರೆ ಕೋರ್ಟಿಗೆ ಕಳಿಸುವುದು. ಮಧ್ಯಾಹ್ನದ ಊಟ ಕೋಣೆಯಲ್ಲೇ. ಕನ್ನಡದವರ ಯುಗಾದಿ, ರಾಜ್ಯೋತ್ಸವಕ್ಕೂ ಹೋಗುವುದನ್ನು ಬಿಟ್ಟೆ. ಕೌಲಾಲಂಪುರದ ಕನ್ನಡಿಗರು ಸ್ವಲ್ಪವೇ ಜನ, ಅವರಲ್ಲಿ ಯಾರ ಫೈಲು ಯಾವತ್ತು ನನ್ನ ಮೇಜಿಗೆ ಬರುತ್ತದೋ ಎಂದು. ಹೊಸದಾಗಿ ಬಂದ ಕನ್ನಡದ ಕುಟುಂಬಗಳಿಗೆ, ಸಮಾರಂಭಗಳಿಗೆ ಬಾರದ ಹಳಬರಿಗೆ ನಾನು ಯಾರೆಂದೇ ಗೊತ್ತಿರಲಿಲ್ಲ. ಇಲ್ಲಿ ನನ್ನಂಥ ಮುಖದವರನ್ನೆಲ್ಲ ಜನ ತಮಿಳರೆಂದೇ ತಿಳಿಯುತ್ತಾರೆ.

ಅಷ್ಟಾದ ಮೇಲೆ ಲಾಕ್‌ಡೌನ್ ಬಂತು. ಊರಿಗೆಲ್ಲ ಹೊಸದಾಗಿದ್ದದ್ದು ನನಗೆ ಅಷ್ಟು ಹೊಸದಾಗಿರಲಿಲ್ಲ. ಬಾಂಗ್ಸಾರಿನ ನನ್ನ ಫ್ಲ್ಯಾಟಿನ ಬಾಲ್ಕನಿಯಿಂದ ಎಲ್‌ಆರ್‌ಟಿ ಹಳಿ ಕಾಣುತ್ತದೆ. ರೈಲು ಖಾಲಿ ಓಡಾಡುತ್ತಿತ್ತು. ಯಾರಾದರೂ ಒಬ್ಬರು ಕೂತಿದ್ದರೆ ಅವರು ಮರೆಯಾಗುವವರೆಗೆ ನೋಡುತ್ತಿದ್ದೆ.

ಕೆಲವು ವಾರಗಳ ಮೇಲೆ ಝೂಮ್ ವಿಚಾರಣೆ ಶುರುವಾಯಿತು. ಮೊದಲ ದಿನ ನಾನು ಪರದೆಗೆ ಬಂದ ಕೂಡಲೆ ವಕೀಲರೆಲ್ಲ ಅಭ್ಯಾಸದಂತೆ ಎದ್ದು ನಿಂತು ತಲೆಬಾಗಿದರು. ಕ್ಯಾಮೆರಾಗಳು ಕೂತವರ ಎತ್ತರಕ್ಕೆ ಇದ್ದವು. ಪರದೆಯ ತುಂಬ ತಲೆಯಿಲ್ಲದ ಕಪ್ಪು ನಿಲುವಂಗಿಗಳು. ಹಿರಿಯ ವಕೀಲರೊಬ್ಬರ ನಿಲುವಂಗಿಯ ಕೆಳಗೆ ಚೌಕಳಿ ಲುಂಗಿ. ‘ದಯವಿಟ್ಟು ಕೂತುಕೊಂಡೇ ವಂದಿಸಿ’ ಎಂದು ನನ್ನ ಮೊದಲ ಆನ್‌ಲೈನ್ ಆದೇಶ ಹೊರಡಿಸಿದೆ.

ಒಂದು ಆಸ್ತಿ ವಿವಾದದಲ್ಲಿ ಸಾಕ್ಷಿ ಹೇಳುತ್ತಿದ್ದ ಅಜ್ಜಿ, ಪಾಟೀ ಸವಾಲು ಬಿಸಿಯೇರಿದ ಹೊತ್ತಿಗೆ ಸರಿಯಾಗಿ ಕೈ ಎತ್ತಿದರು. ‘ಯಾಂಗ್ ಆರಿಫ್, ಮೊಮ್ಮಗನಿಗೆ ಕ್ಲಾಸು ಶುರುವಾಗುತ್ತೆ. ಮನೇಲಿ ಇರೋದು ಇದೊಂದೇ ಫೋನು.’ ಪ್ರಶ್ನೆ ಕೇಳುತ್ತಿದ್ದ ವಕೀಲರು ಇದು ಉತ್ತರ ತಪ್ಪಿಸುವ ಉಪಾಯ ಎಂದರು. ಅಷ್ಟರಲ್ಲಿ ಹುಡುಗನ ಕೈ ಬಂದು ಪರದೆಯನ್ನು ಮುಚ್ಚಿತು. ಗಣಿತದ ಕ್ಲಾಸು ಮುಗಿಯುವವರೆಗೆ ಹೈಕೋರ್ಟ್ ಕಾದು ಕೂತಿತು.

ಇಂಥವು ಬೇಕಾದಷ್ಟಿವೆ. ನಾನು ಹೇಳಬೇಕಾದ್ದು ಒಂದು ಮಗುವಿನ ಕೇಸು. ಕೌಟುಂಬಿಕ ಪ್ರಕರಣವಾದ್ದರಿಂದ ಹೆಸರುಗಳನ್ನು ಬದಲಿಸಿದ್ದೇನೆ.

ಮಗುವಿಗೆ ಒಂಬತ್ತು ವರ್ಷ. ಇಂಚರಾ ಎನ್ನೋಣ. ತಾಯಿ ಇಲ್ಲಿಯೇ ಹುಟ್ಟಿದವಳು, ಕಾಯಿಲೆಯಿಂದ ತೀರಿಕೊಂಡಿದ್ದಳು. ತಂದೆ ಪ್ರಸನ್ನ ಮಣಿಪಾಲದಲ್ಲಿ ಓದಿದವರು, ಸಿಂಗಪುರದ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತಂತ್ರಜ್ಞರು. ಮಗುವನ್ನು ತಾಯಿಯ ಅಕ್ಕ ವಿಜಯಾ ತಮ್ಮ ಬ್ರಿಕ್‌ಫೀಲ್ಡ್ಸ್ ಮನೆಯಲ್ಲಿ ನೋಡಿಕೊಳ್ಳುತ್ತಿದ್ದರು. ಅವರು ಮನೆಯಲ್ಲೇ ಗಣಿತದ ಟ್ಯೂಷನ್ ಹೇಳುವವರು. ತಂದೆ ವಾರದ ಕೊನೆಗೆ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಗಡಿ ಮುಚ್ಚಿತು. ಅವರ ಆಸ್ಪತ್ರೆಯಲ್ಲಿ ರಜೆ ನಿಂತಿತು. ತಿಂಗಳುಗಳು ಕಳೆದವು. ಬಿಟ್ಟುಹೋದ ತಂದೆಗಿಂತ ಸಾಕಿದ ತಾನೇ ಮಗುವಿನ ಪೋಷಕಿಯಾಗಬೇಕು ಎಂದು ದೊಡ್ಡಮ್ಮ ಅರ್ಜಿ ಹಾಕಿದರು. ನಾನು ಬಿಟ್ಟುಹೋಗಿಲ್ಲ, ನನ್ನನ್ನು ಬರಲು ಬಿಟ್ಟಿಲ್ಲ, ಮಗು ನನಗೆ ಬೇಕು ಎಂದು ತಂದೆ ವಿರೋಧಿಸಿದರು. ದೊಡ್ಡಮ್ಮನ ಪರ ಮಿಸ್ಟರ್ ಹರ್ಜೀತ್, ತಂದೆಯ ಪರ ಮಿಸ್ ಲಿಮ್. ಇಬ್ಬರೂ ಅನುಭವಿಗಳು. ಮಗು ಯಾರ ಮನೆಯಲ್ಲಿ ಬೆಳೆಯಬೇಕು ಎಂಬುದೊಂದೇ ನನ್ನ ಮುಂದಿದ್ದ ಪ್ರಶ್ನೆ.

ಇಂಥ ಕೇಸಿನಲ್ಲಿ ನ್ಯಾಯಾಧೀಶರು ಮಗುವನ್ನು ಒಂಟಿಯಾಗಿ ಮಾತಾಡಿಸುವ ಪದ್ಧತಿಯಿದೆ. ವಕೀಲರು ಇರಬಾರದು, ಮನೆಯವರು ಇರಬಾರದು. ಕೋರ್ಟು ತೆರೆದಿರಲಿಲ್ಲವಾದ್ದರಿಂದ ಝೂಮಿನಲ್ಲೇ ಮಾಡಲು ಇಬ್ಬರೂ ವಕೀಲರು ಒಪ್ಪಿದರು. ಕೋಣೆಯಲ್ಲಿ ಮಗು ಬಿಟ್ಟು ಯಾರೂ ಇರುವುದಿಲ್ಲ ಎಂದು ದೊಡ್ಡಮ್ಮ ತಮ್ಮ ವಕೀಲರ ಮೂಲಕ ಭರವಸೆ ಕೊಟ್ಟರು. ಅವತ್ತು ಪರದೆಯಲ್ಲಿ ಇದ್ದವರು ನಾನು, ನನ್ನ ಕೋರ್ಟಿನ ದುಭಾಷಿ ಮುರುಗನ್, ಮತ್ತು ಇಂಚರಾ. ಮುರುಗನ್‌ಗೆ ತಮಿಳು, ಮಲಯ್, ಇಂಗ್ಲಿಷ್ ಬರುತ್ತಿತ್ತು. ಮುದ್ರಣ ನಡೆಯುತ್ತಿತ್ತು.

ಮಗು ಇಂಗ್ಲಿಷಿನಲ್ಲೇ ಮಾತಾಡಿತು. ಶಾಲೆ, ಗೆಳತಿಯರು, ತಿಂಡಿ. ಆಮೇಲೆ ಅಪ್ಪನ ಬಗ್ಗೆ ಕೇಳಿದೆ. ಇಂಚರಾ ತಡೆದಳು. ಕಣ್ಣು ಪರದೆಯ ಬಲಕ್ಕೆ ಹೋಯಿತು. ಆಗ ಒಂದು ಹೆಣ್ಣುದನಿ ಬಹಳ ಮೆತ್ತಗೆ ಕನ್ನಡದಲ್ಲಿ ಹೇಳಿತು:

‘ಹೆದರ್ಬೇಡ ಪುಟ್ಟಾ. ಮೊನ್ನೆ ಹೇಳ್ಕೊಟ್ಟಿದ್ನಲ್ಲ, ಹಾಗೇ ಹೇಳು.’

ಮಗು ನನ್ನತ್ತ ತಿರುಗಿ, ‘ಐ ವಾಂಟ್ ಟು ಸ್ಟೇ ಹಿಯರ್’ ಎಂದಿತು.

ಮುರುಗನ್ ಕಿವಿಗೊಟ್ಟು ಕೇಳಿ, ‘ಹಿನ್ನೆಲೆ ಸದ್ದು, ಯಾಂಗ್ ಆರಿಫ್. ತಮಿಳಲ್ಲ. ತೆಲುಗು ಟೀವಿ ಇರಬೇಕು’ ಎಂದರು.

ಮನೆಯವರಿಲ್ಲ, ಗೆಳತಿಯಿಲ್ಲ, ಸಮಾರಂಭವಿಲ್ಲ. ಎಷ್ಟೋ ತಿಂಗಳ ಮೇಲೆ ಒಬ್ಬರು ಇನ್ನೊಬ್ಬರಿಗೆ ಆಡಿದ ಕನ್ನಡ ಮಾತು ನನ್ನ ಕಿವಿಗೆ ಬಿದ್ದದ್ದು ಅವತ್ತೇ. ‘ಪುಟ್ಟಾ’ ಎಂಬುದನ್ನು ನಾನು ಕೊನೆಯದಾಗಿ ಕೇಳಿದ್ದು ಅಮ್ಮನಿಂದ. ನಾನು ಮಗುವಿಗೆ ಥ್ಯಾಂಕ್ಸ್ ಹೇಳಿ ಮಾತುಕತೆಯನ್ನು ಅಲ್ಲಿಗೆ ನಿಲ್ಲಿಸಿದೆ.

ಹೊಸಬರು ಇಲ್ಲಿ ಗಮನಿಸಬೇಕಾದ್ದಿದೆ. ನ್ಯಾಯಾಧೀಶೆ ಸಾಕ್ಷಿಯಾಗುವಂತಿಲ್ಲ. ದಾಖಲೆಯಲ್ಲಿ ಇಲ್ಲದ್ದನ್ನು, ತನಗೊಬ್ಬಳಿಗೇ ಗೊತ್ತಾದದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ತೀರ್ಪು ಕೊಡುವಂತಿಲ್ಲ. ಕೇಳಿದ ಮಾತನ್ನು ಕೇಳಿಸಲಿಲ್ಲ ಎನ್ನುವಂತೆಯೂ ಇಲ್ಲ. ನನಗೆ ಆ ಭಾಷೆ ಬರದಿದ್ದರೆ ಅದು ‘ಹಿನ್ನೆಲೆ ಸದ್ದು’ ಎಂದು ದಾಖಲಾಗಿ ಹೋಗುತ್ತಿತ್ತು. ಮಾರನೆಯ ದಿನ ಎರಡೂ ಕಡೆಯವರನ್ನು ಝೂಮಿಗೆ ಕರೆದು ಹೇಳಿದೆ: ನನಗೆ ಕನ್ನಡ ಬರುತ್ತದೆ, ಮಗುವಿನ ಕೋಣೆಯಿಂದ ಒಂದು ಮಾತು ಕೇಳಿಸಿದೆ, ಮುದ್ರಣದಲ್ಲೂ ಇದೆ. ನೀವಿಬ್ಬರೂ ಒಪ್ಪುವ ಭಾಷಾಂತರಕಾರರಿಂದ ಅದನ್ನು ಅನುವಾದ ಮಾಡಿಸಿ. ನನ್ನ ಕಿವಿಯನ್ನು ಯಾರೂ ನಂಬಬೇಕಾಗಿಲ್ಲ.

ಪರದೆಯ ಮೂಲೆಯಲ್ಲಿದ್ದ ವಿಜಯಾ ಮ್ಯೂಟ್ ತೆಗೆದರು. ಅವರಿಗೆ ಸುಮಾರು ನನ್ನದೇ ವಯಸ್ಸು.

‘ಮೇಡಂ, ನೀವು ನಮ್ಮೋರಾ? ಗೊತ್ತೇ ಇರ್ಲಿಲ್ಲ. ನೋಡಿ, ನಾನು ಟ್ಯೂಷನ್ ಹೇಳೋಳು. ಪರೀಕ್ಷೆಗೆ ಮುಂಚೆ ಎಲ್ಲ ಮಕ್ಕಳಿಗೂ ಹಾಗೇ ಹೇಳ್ತೀನಿ. ಅವಳು ನಡುಗ್ತಿದ್ಲು ಮೇಡಂ, ಬಿಟ್ಟು ಹೋಗಕ್ಕೆ ಮನಸ್ಸು ಬರ್ಲಿಲ್ಲ...’

ಹರ್ಜೀತ್ ಗಾಬರಿಯಿಂದ ಕೈ ಆಡಿಸುತ್ತಿದ್ದರು. ಅವರಿಗೆ ಒಂದು ಅಕ್ಷರವೂ ಅರ್ಥವಾಗುತ್ತಿರಲಿಲ್ಲ. ಪ್ರಸನ್ನ ಸಿಂಗಪುರದಿಂದ, ಮುಖಕ್ಕೆ ಕೈಯಿಟ್ಟು, ಎಲ್ಲವನ್ನೂ ಕೇಳುತ್ತಿದ್ದರು.

‘ದಯವಿಟ್ಟು ಇಂಗ್ಲಿಷಿನಲ್ಲಿ ಹೇಳಿ’ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ‘ನಿಮ್ಮ ವಕೀಲರ ಮೂಲಕ.’

‘ಕನ್ನಡದಲ್ಲಿ ಹೇಳಿದ್ರೆ ನಿಮಗೆ ಅರ್ಥ ಆಗುತ್ತಲ್ಲ ಮೇಡಂ?’

‘ಇಂಗ್ಲಿಷಿನಲ್ಲಿ’ ಎಂದೆ.

ಅವರು ಮ್ಯೂಟ್ ಹಾಕಿಕೊಂಡರು.

ಅನುವಾದ ಬಂದ ಮೇಲೆ ಹರ್ಜೀತ್ ನಾನು ಕೇಸಿನಿಂದ ಹಿಂದೆ ಸರಿಯಬೇಕೆಂದು ಅರ್ಜಿ ಹಾಕಿದರು. ಮಿಸ್ ಲಿಮ್ ಬೇಡವೆಂದರು. ಹಿಂದೆ ಸರಿಯುವುದು ನನಗೆ ಸುಲಭವಾಗಿತ್ತು. ಆದರೆ ಬೇರೆ ನ್ಯಾಯಾಧೀಶರು ಬಂದರೆ ಎಲ್ಲ ಮೊದಲಿನಿಂದ. ಮಗುವನ್ನು ಇನ್ನೊಬ್ಬ ಅಪರಿಚಿತರು ಅದೇ ಪ್ರಶ್ನೆ ಕೇಳಬೇಕು: ಅಪ್ಪನೋ, ದೊಡ್ಡಮ್ಮನೋ? ಅರ್ಜಿ ತಿರಸ್ಕರಿಸಿದೆ. ಮುದ್ರಣ ಎಲ್ಲರ ಮುಂದಿದೆ, ನನಗೊಬ್ಬಳಿಗೇ ಗೊತ್ತಿರುವುದು ಏನೂ ಉಳಿದಿಲ್ಲ ಎಂಬುದು ಕಾರಣ. ಝೂಮಿನಲ್ಲಿ ಮಗು ಹೇಳಿದ್ದನ್ನು ಯಾರ ಪರವಾಗಿಯೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಕೋರ್ಟು ತೆರೆದ ಮೇಲೆ ಮಗುವನ್ನು ನನ್ನ ಕೋಣೆಯಲ್ಲಿ ಎದುರಿಗೆ ಕೂರಿಸಿ ಒಂದು ಸಲ ಮಾತಾಡಿಸುತ್ತೇನೆ ಎಂದೆ. ಅಲ್ಲಿಯವರೆಗೆ ತಂದೆ ದಿನವೂ ಸಂಜೆ ಮಗುವಿನ ಜೊತೆ ವಿಡಿಯೊದಲ್ಲಿ ಮಾತಾಡಲಿ, ಆ ಹೊತ್ತಿಗೆ ದೊಡ್ಡಮ್ಮ ಬೇರೆ ಕೋಣೆಯಲ್ಲಿರಲಿ ಎಂದು ಮಧ್ಯಂತರ ಆದೇಶ ಕೊಟ್ಟೆ.

ಕೋರ್ಟು ತೆರೆಯಲಿಲ್ಲ. ಒಂದು ನಿಯಂತ್ರಣ ಮುಗಿದರೆ ಇನ್ನೊಂದು ಹೆಸರಿನ ನಿಯಂತ್ರಣ. ೨೦೨೧ರ ಜೂನ್‌ನಲ್ಲಿ ಮತ್ತೆ ಇಡೀ ದೇಶ ಮುಚ್ಚಿತು. ನನ್ನ ಎರಡು ವರ್ಷದ ಅವಧಿ ಆ ವರ್ಷದ ಕೊನೆಗೆ ಮುಗಿಯುವುದಿತ್ತು.

ನಮ್ಮ ವಿಭಾಗದ ಮೇಲ್ವಿಚಾರಣೆ ಮಾಡುತ್ತಿದ್ದ ಹಿರಿಯ ನ್ಯಾಯಾಧೀಶರು ಪೂರ್ವ ಕರಾವಳಿಯ ಮಲಯ್ ಸಜ್ಜನರು. ಎಲ್ಲರೂ ಅವರನ್ನು ದಾತುಕ್ ಎಂಬ ಬಿರುದಿನಿಂದಲೇ ಕರೆಯುತ್ತಿದ್ದರು. ಒಂದು ದಿನ ಫೋನ್ ಮಾಡಿದರು.

‘ಪುವಾನ್ ಸುಧಾ, ಆ ಮಗುವಿನ ಕೇಸು ಇನ್ನೂ ಇಟ್ಟುಕೊಂಡಿದ್ದೀರಾ?’

‘ಹೌದು, ದಾತುಕ್.’

‘ಮಕ್ಕಳ ಕೇಸು ಮೀನಿದ್ದ ಹಾಗೆ. ನಮ್ಮ ಕಡೆಯವರಿಗೆ ಗೊತ್ತು. ಇಟ್ಟಷ್ಟೂ ವಾಸನೆ. ಝೂಮಲ್ಲಿ ಮುಗಿಸಿ.’

‘ಝೂಮಲ್ಲಿ ಕೇಳಿದರೆ ಕೋಣೆಯಲ್ಲಿ ಯಾರಿದ್ದಾರೆ ಅಂತ ನನಗೆ ಹೇಗೆ ಗೊತ್ತಾಗಬೇಕು?’

‘ಹಾಗಾದರೆ ಬೇರೆಯವರಿಗೆ ಕೊಡಿ. ಎದುರಿಗೇ ಕೇಳಬೇಕು ಅಂತ ನೀವು ಎತ್ತಿಟ್ಟಿರುವುದು ಇದೊಂದೇ ಅಲ್ಲ. ಕಾಯಂ ವಿಚಾರ ಬಂದಾಗ ಏನೇನು ಉಳಿಸಿಕೊಂಡಿದ್ದೀರಿ ಅಂತ ನೋಡ್ತಾರೆ. ನಿಮ್ಮ ಜೊತೆಯವರು ಎಲ್ಲ ಮುಗಿಸಿ ಕೈ ತೊಳೆದುಕೊಂಡು ಕೂತಿದ್ದಾರೆ.’

‘ಬೇರೆಯವರಿಗೆ ಕೊಟ್ಟರೆ ಮಗುವನ್ನ ಮೊದಲಿಂದ ಕೇಳ್ತಾರೆ.’

‘ನಿಮ್ಮ ಅವಧಿ ಮುಗಿದರೂ ಅದೇ ಆಗೋದು. ಆಗ ನಿಮಗೂ ಇಲ್ಲ, ಮಗುವಿಗೂ ಇಲ್ಲ.’

‘ಅದರೊಳಗೆ ಬಾಗಿಲು ತೆರೆದರೆ ಮುಗಿಸ್ತೀನಿ.’

ದಾತುಕ್ ಆ ಮಾತನ್ನು ಅಲ್ಲಿಗೇ ಬಿಟ್ಟರು. ಆಮೇಲೆ, ‘ಊಟ ಆಯ್ತಾ?’ ಎಂದು ಕೇಳಿದರು. ಆಯಿತು ಎಂದೆ. ಆಗಿರಲಿಲ್ಲ. ಅವರು ನನ್ನ ಹಿತಕ್ಕೆ ಹೇಳಿದ್ದರು, ಹೇಳಿದ್ದರಲ್ಲಿ ಯಾವ ಮಾತೂ ಸುಳ್ಳಾಗಿರಲಿಲ್ಲ.

ಅವತ್ತಿನಿಂದ ಬೆಳಿಗ್ಗೆ ಪತ್ರಿಕೆ ಬಂದರೆ ಮೊದಲು ನೋಡುತ್ತಿದ್ದದ್ದು ಯಾವ ಜಿಲ್ಲೆ ತೆರೆಯಿತು, ಯಾವುದು ಮುಚ್ಚಿತು ಎಂಬುದನ್ನು. ಶೈಲಾಗೆ ಫೋನ್ ಮಾಡಿ ಹೇಳಿಕೊಳ್ಳೋಣ ಅನ್ನಿಸುತ್ತಿತ್ತು. ನಡೆಯುತ್ತಿರುವ ಕೇಸಿನ ಬಗ್ಗೆ ವಕೀಲರ ಹತ್ತಿರ ಮಾತಾಡುವಂತಿಲ್ಲ. ಕೇಸು ಬಿಟ್ಟು ಬೇರೆ ಮಾತೂ ನನ್ನ ಹತ್ತಿರ ಇರಲಿಲ್ಲ. ಫೋನ್ ಮಾಡಲಿಲ್ಲ.

ಅಕ್ಟೋಬರ್‌ನಲ್ಲಿ ನಿರ್ಬಂಧಗಳು ಸಡಿಲವಾಗಿ ಕೋರ್ಟಿನಲ್ಲಿ ಎದುರಿಗೆ ವಿಚಾರಣೆ ಮಾಡಲು ಸಾಧ್ಯವಾಯಿತು. ಪ್ರಸನ್ನ ವಿಶೇಷ ಅನುಮತಿ ತೆಗೆದುಕೊಂಡು ಗಡಿ ದಾಟಿ, ಕ್ವಾರಂಟೈನ್ ಮುಗಿಸಿ ಬಂದರು. ಅವರನ್ನು ಒಂದು ಕೋಣೆಯಲ್ಲಿ, ವಿಜಯಾರನ್ನು ಇನ್ನೊಂದರಲ್ಲಿ ಕೂರಿಸಿದೆವು. ನಾನು ನಿಲುವಂಗಿ ತೆಗೆದು, ಮೇಜಿನ ಮೇಲಿನ ಹೆಸರಿನ ಫಲಕವನ್ನು ಡ್ರಾಯರಿಗೆ ಹಾಕಿದೆ. ಮಹಿಳಾ ಅಧಿಕಾರಿಯೊಬ್ಬರು ಬಾಗಿಲ ಬಳಿ ಕೂತರು. ಇಂಚರಾ ಮೊಲದ ಚಿತ್ರದ ಮಾಸ್ಕ್ ಹಾಕಿಕೊಂಡು ಬಂದು ಕುರ್ಚಿಯ ತುದಿಯಲ್ಲಿ ಕೂತಳು. ನಮ್ಮಿಬ್ಬರ ನಡುವೆ ಪಾರದರ್ಶಕ ಪ್ಲಾಸ್ಟಿಕ್ ಪರದೆ. ಅವಳು ಆಡಿದ್ದೆಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

‘ನಿಮಗೆ ಕನ್ನಡ ಬರುತ್ತೆ’ ಎಂದಳು, ಆರೋಪ ಹೊರಿಸುವವಳಂತೆ.

‘ಬರುತ್ತೆ.’

‘ಅವತ್ತಿಂದ ದೊಡ್ಡಮ್ಮ ಫೋನಲ್ಲೂ ಪಿಸುಪಿಸು ಮಾತಾಡ್ತಾರೆ. ಜಡ್ಜ್‌ಗೆ ಕೇಳ್ಸುತ್ತೆ ಅಂತ.’

ನನಗೆ ನಗು ಬಂತು. ಮಾಸ್ಕ್ ಇತ್ತು. ಅವಳು ಕೋಣೆಯನ್ನೆಲ್ಲ ನೋಡಿದಳು. ಪುಸ್ತಕದ ಕಪಾಟಿನ ಪಕ್ಕ ನನ್ನ ತಾಪಾವ್ ಡಬ್ಬಿ ಇತ್ತು. ಕಟ್ಟಿಸಿ ತರುವ ಊಟಕ್ಕೆ ಇಲ್ಲಿ ಹಾಗೆನ್ನುತ್ತಾರೆ.

‘ಅದು ನಿಮ್ಮ ಲಂಚಾ?’

‘ಹೌದು.’

‘ಇಲ್ಲೇ ತಿಂತೀರಾ? ಒಬ್ರೇ?’

‘ಒಬ್ಬಳೇ.’

‘ನಮ್ಮ ಸ್ಕೂಲಲ್ಲೂ ಹಿಂಗೇ ಮಧ್ಯೆ ಪ್ಲಾಸ್ಟಿಕ್ ಇಡ್ತಾರಂತೆ. ಆದ್ರೆ ಪಕ್ಕದವಳ ಡಬ್ಬೀಲಿ ಏನಿದೆ ಅಂತ ಕಾಣುತ್ತಂತೆ.’ ಸ್ವಲ್ಪ ಹೊತ್ತು ಕಾಲಾಡಿಸಿದಳು. ‘ನಾನು ಹೇಳಿದ್ದನ್ನ ದೊಡ್ಡಮ್ಮನಿಗೆ ಹೇಳ್ತೀರಾ? ಅಪ್ಪನಿಗೆ?’

ಮಗುವಿಗೆ ಪೂರ್ಣ ಗುಟ್ಟಿನ ಭರವಸೆ ಕೊಡಬಾರದು, ಮೇಲಿನ ಕೋರ್ಟು ಕೇಳಿದರೆ ಟಿಪ್ಪಣಿ ಕೊಡಬೇಕಾಗುತ್ತದೆ. ತರಬೇತಿಯಲ್ಲಿ ಇದನ್ನು ಹೇಳಿಕೊಡುತ್ತಾರೆ. ಅದನ್ನು ಇಷ್ಟು ಚಿಕ್ಕವಳಿಗೆ ಹೇಳುವುದು ಹೇಗೆಂದು ಹೇಳಿಕೊಡುವುದಿಲ್ಲ.

‘ನಾನಾಗಿ ಅವರಿಬ್ಬರಿಗೂ ಹೇಳಲ್ಲ. ನನ್ನ ಮೇಲೆ ಇನ್ನೂ ದೊಡ್ಡ ಜಡ್ಜ್‌ಗಳಿದ್ದಾರೆ, ಅವರು ಕೇಳಿದರೆ ಅವರಿಗೆ ತೋರಿಸಬೇಕು. ಇನ್ನೊಂದು ವಿಷಯ. ನೀನು ಎಲ್ಲಿರಬೇಕು ಅಂತ ತೀರ್ಮಾನ ಮಾಡೋದು ನೀನಲ್ಲ. ನಾನು. ಅದನ್ನ ಅವರಿಬ್ಬರ ಮುಂದೆ ನಿಂತು... ಕೂತ್ಕೊಂಡು ಹೇಳ್ತೀನಿ.’

‘ಜಡ್ಜ್‌ಗಳು ನಿಂತ್ಕೊಳಲ್ವಾ?’

‘ನಾವು ಕೂತ್ಕೋತೀವಿ. ಮಿಕ್ಕೋರು ನಿಂತ್ಕೋತಾರೆ.’

‘ಅವರಿಗೆ ಕೋಪ ಬಂದ್ರೆ?’

‘ನನ್ನ ಮೇಲೆ ಬರುತ್ತೆ.’

ಅವಳು ಅದನ್ನು ಯೋಚಿಸಿದಳು. ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಒರಗಿ ಕೂತಳು. ಆಮೇಲೆ ಮಾತಾಡಿದಳು. ಆಡಿದ್ದನ್ನು ನಾನು ತೀರ್ಪಿನಲ್ಲಿ ಬರೆಯಲಿಲ್ಲ. ಟಿಪ್ಪಣಿಯನ್ನು ಮೊಹರು ಮಾಡಿ ಫೈಲಿಗೆ ಸೇರಿಸಿದೆ. ಇಲ್ಲೂ ಬರೆಯುವುದಿಲ್ಲ.

ನವೆಂಬರ್‌ನಲ್ಲಿ ತೀರ್ಪು ಕೊಟ್ಟೆ. ತಂದೆ ಮಗುವನ್ನು ಬಿಟ್ಟುಹೋದದ್ದಲ್ಲ, ಗಡಿ ಮತ್ತು ಆಸ್ಪತ್ರೆ ಅವರನ್ನು ತಡೆದವು. ದೊಡ್ಡಮ್ಮ ಮಗುವನ್ನು ಚೆನ್ನಾಗಿ ಸಾಕಿದ್ದಾರೆ, ಆ ಕೋಣೆಯಲ್ಲಿ ಆಡಿದ ಮಾತು ಅವರ ಸಾಕಣೆಯನ್ನು ಅಳಿಸುವುದಿಲ್ಲ. ಮಗುವಿನ ವಾಸ ತಂದೆಯ ಜೊತೆ. ಗಡಿ ಪೂರ್ತಿ ತೆರೆಯುವವರೆಗೆ ಈಗಿರುವ ಮನೆಯಲ್ಲೇ. ಆಮೇಲೆ ಶಾಲೆಯ ದೊಡ್ಡ ರಜೆಗಳೆಲ್ಲ ದೊಡ್ಡಮ್ಮನ ಬಳಿ. ಇದು ನನ್ನ ತೀರ್ಮಾನ, ಮಗುವಿನ ಆಯ್ಕೆಯಲ್ಲ, ಮಗುವನ್ನು ಯಾರೂ ಈ ಬಗ್ಗೆ ಕೇಳಕೂಡದು ಎಂದು ಕೊನೆಯಲ್ಲಿ ಓದಿದೆ.

ಓದಿ ಮುಗಿಸಿದ ಮೇಲೆ ಪ್ರಸನ್ನ ಎದ್ದು ನಿಲ್ಲುವುದನ್ನು ಮರೆತು ಕೂತೇ ಇದ್ದರು, ಮಿಸ್ ಲಿಮ್ ಅವರ ಮೊಳಕೈ ಹಿಡಿದು ಎಬ್ಬಿಸಿದರು. ವಿಜಯಾ ತಾವಾಗಿ ಎದ್ದರು. ನೇರ ನನ್ನನ್ನೇ ನೋಡಿದರು.

‘ಥ್ಯಾಂಕ್ ಯು, ಯಾಂಗ್ ಆರಿಫ್’ ಎಂದರು. ಕನ್ನಡದ ಒಂದು ಮಾತೂ ಆಡಲಿಲ್ಲ. ತಲೆಬಾಗಿ, ಬ್ಯಾಗು ತೆಗೆದುಕೊಂಡು ಹೊರಟರು.

ನಾನು ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ಮುರುಗನ್ ಬಾಗಿಲು ತಟ್ಟಿ, ‘ಯಾಂಗ್ ಆರಿಫ್, ಆ ಹೆಂಗಸು ಕಾರಿಡಾರಲ್ಲಿ ಕೂತು ಅಳ್ತಿದ್ದಾರೆ. ನೀರು ಕೊಟ್ಟೆ. ಏನೋ ಹೇಳ್ತಿದ್ದಾರೆ, ನನಗೆ ಅರ್ಥ ಆಗ್ತಿಲ್ಲ’ ಎಂದರು. ಎದ್ದು ಹೋಗುವಂತಿರಲಿಲ್ಲ. ಅವರ ಜೊತೆ ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. ವಕೀಲರಿದ್ದಾರೆ ಎಂದರು. ಸರಿ ಎಂದೆ.

ಆ ವರ್ಷದ ಕೊನೆಗೆ ನನ್ನ ಅವಧಿ ಮುಗಿಯಿತು. ನನ್ನ ಜೊತೆ ಪ್ರಮಾಣ ತೆಗೆದುಕೊಂಡವರು ಕಾಯಂ ಆದರು. ನಾನು ಆಗಲಿಲ್ಲ. ಕಾರಣ ತಿಳಿಸುವ ಪದ್ಧತಿಯಿಲ್ಲ, ನಾನು ಕೇಳಲೂ ಇಲ್ಲ. ದಾತುಕ್ ಫೋನ್ ಮಾಡಿ ಹವಾಮಾನದ ಬಗ್ಗೆ ಮಾತಾಡಿದರು. ವಕೀಲಿಗೆ ಹಿಂತಿರುಗಲಿಲ್ಲ.

ದೊಡ್ಡಮ್ಮ ಮೇಲ್ಮನವಿ ಹಾಕಿದ್ದರು. ಇಲ್ಲಿ ಮೇಲ್ಮನವಿ ಬಂದರೆ ತೀರ್ಪಿನ ಕಾರಣಗಳನ್ನು ವಿವರವಾಗಿ ಬರೆದು ಕಳಿಸಬೇಕು. ನಾನು ಕೋರ್ಟಿನಲ್ಲಿ ಬರೆದ ಕೊನೆಯ ಬರಹ ಅದು. ಹಿನ್ನೆಲೆಯ ಮಾತನ್ನು ಅದರಲ್ಲಿ ಭಾಷಾಂತರಕಾರರ ಇಂಗ್ಲಿಷಿನಲ್ಲಿ ಉಲ್ಲೇಖಿಸಿದೆ. ಕನ್ನಡದಲ್ಲಿ ಅದು ಹೇಗಿತ್ತು ಎಂಬುದು ಮುದ್ರಣ ಬಿಟ್ಟರೆ ಎಲ್ಲೂ ದಾಖಲಾಗಿಲ್ಲ. ೨೦೨೨ರ ಏಪ್ರಿಲ್ ಒಂದರಂದು ಗಡಿ ತೆರೆಯಿತು. ಮಗು ಸಿಂಗಪುರಕ್ಕೆ ಹೋಯಿತು. ಮೇಲ್ಮನವಿ ಕೋರ್ಟು ಆದೇಶವನ್ನು ಎತ್ತಿಹಿಡಿಯಿತು.

ಈಚೆಗೆ ಮಿಸ್ ಲಿಮ್ ಒಂದು ಸಮಾರಂಭದಲ್ಲಿ ಸಿಕ್ಕಿದ್ದರು. ಆದೇಶವನ್ನು ಬದಲಿಸಿ ಎಂದು ಎರಡೂ ಕಡೆಯವರು ಇದುವರೆಗೆ ಕೇಳಿಲ್ಲ ಎಂದರು. ಅವರೇ ಹೇಳಿದ ಪ್ರಕಾರ, ಹೋದ ರಜೆಯಲ್ಲಿ ಇಂಚರಾ ಬ್ರಿಕ್‌ಫೀಲ್ಡ್ಸ್‌ಗೆ ಬಂದಾಗ ಜೊತೆಗೆ ಪ್ರಸನ್ನ ಕೂಡ ಬಂದಿದ್ದರು. ತಮಗೆಂದು ಹೋಟೆಲಿನಲ್ಲಿ ಕೋಣೆ ಕಾದಿರಿಸಿದ್ದರು. ರಜೆ ಮುಗಿಯುವವರೆಗೆ ಅವರು ವಿಜಯಾರ ಮನೆಯಲ್ಲೇ ಉಳಿದರು.